ನೂರಕ್ಕೆ ನೂರು ಎಂಬ ಸುಳ್ಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ರಟ್ಟೀಹಳ್ಳಿ ಕಡೆಯ ಚಾದಂಗಡಿಗಳಲ್ಲಿ ಒಂದೇ ಮಾತು: ಯಾವ ಹೈಸ್ಕೂಲಿಗೆ ಎಷ್ಟು ಪರ್ಸೆಂಟು? ನೂರಕ್ಕೆ ನೂರು ಬಂದ ಶಾಲೆಯ ಗೇಟಿಗೆ ಫ್ಲೆಕ್ಸ್ ಏರುತ್ತದೆ. ಅರವತ್ತಕ್ಕೆ ನಿಂತ ಸರಕಾರಿ ಹೈಸ್ಕೂಲಿನ ಮಾಸ್ತರಿಗೆ ನೋಟೀಸು. 'ಆ ಸಾಲ್ಯಾಗ ಏನ್ ಕಲಸ್ತಾರ್ರೀ' ಎಂದು ಊರ ಪ್ರಮುಖರು ಚಾ ಮುಗಿಸಿ ಏಳುತ್ತಾರೆ. ಅವರ ಮಕ್ಕಳು ಆ ಸಾಲಿಯ ಮೆಟ್ಟಿಲು ಹತ್ತಿದವರಲ್ಲ ಅನ್ನೋದು ಬೇರೆ ಮಾತು.

ಗೆಳೆಯರೇ, ಈ ಪರ್ಸೆಂಟು ಅಂದರೇನು? ಪರೀಕ್ಷೆಗೆ ಕೂತವರಲ್ಲಿ ಪಾಸಾದವರ ಲೆಕ್ಕ. ಕೂಡದವರು ಅದರಲ್ಲಿಲ್ಲ. ಒಂದು ಶಾಲೆಯ ಎಂಟನೆಯ ತರಗತಿಗೆ ಐವತ್ತು ಮಕ್ಕಳು ಹೆಸರು ಹಚ್ಚಿದರು ಅಂತ ಇಟ್ಟುಕೊಳ್ಳಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಮೂವತ್ತು ಉಳಿದು, ಅಷ್ಟೂ ಪಾಸಾದರೆ ನೂರಕ್ಕೆ ನೂರು. ಇನ್ನೊಂದು ಶಾಲೆ ಐವತ್ತನ್ನೂ ಹಿಡಿದಿಟ್ಟು, ಐವತ್ತನ್ನೂ ಪರೀಕ್ಷೆಗೆ ಕೂಡಿಸಿ, ಮೂವತ್ತೈದನ್ನು ದಾಟಿಸಿದರೆ ಅದಕ್ಕೆ ಎಪ್ಪತ್ತು. ಐದು ಮಕ್ಕಳನ್ನು ಹೆಚ್ಚು ದಾಟಿಸಿದ ಶಾಲೆಗೇ ನೋಟೀಸು! ಕಷ್ಟದ ಹುಡುಗನನ್ನು ಒಂಬತ್ತರಲ್ಲೇ ತಡೆಯುವುದು, ಇಲ್ಲವೆ 'ಪ್ರೈವೇಟಾಗಿ ಕಟ್ಟು' ಎಂದು ಸಾಗಹಾಕುವುದು—ಈ ವಿದ್ಯೆ ಯಾವ ಹೆಡ್‌ಮಾಸ್ತರರಿಗೆ ಗೊತ್ತಿಲ್ಲ?

ಉಳಿಯದ ಆ ಇಪ್ಪತ್ತು ಮಕ್ಕಳು ಎಲ್ಲಿ ಹೋದರು? ಹೊಲ ನೋಡಿ. ರಾಣೇಬೆನ್ನೂರು, ಹಿರೇಕೆರೂರು, ರಟ್ಟೀಹಳ್ಳಿಯ ಈ ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಹತ್ತಿ, ಮೆಣಸಿನಕಾಯಿ, ಟೊಮೆಟೊ ಹೂವಿನ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳು ಬೇಕು, ಬಗ್ಗಿದ ಬೆನ್ನು ಬೇಕು. ಒಂದು ಹೂವಿನ ಗಂಡುಭಾಗ ಕಿತ್ತು ಇನ್ನೊಂದು ಹೂವಿನ ಪರಾಗ ಹಚ್ಚುವುದು, ಒಂದೊಂದೇ ಹೂವಿಗೆ. ಹೂವು ರಜೆ ನೋಡಿ ಅರಳುವುದಿಲ್ಲ. ಬಿತ್ತುವ ಕಾಲಕ್ಕೆ, ಗೋವಿನಜೋಳ ಮುರಿಯುವ ಕಾಲಕ್ಕೆ ಬಾಕಿ ಕೈಗಳಿಗೂ ಕರೆ ಬರುತ್ತದೆ. ಹೊಲ ಇದ್ದವನ ಮಗ ಆಗ ಟ್ಯೂಷನ್ನಿಗೆ ಹೋಗುತ್ತಾನೆ. ಹೊಲ ಇಲ್ಲದವನ ಮಗಳು ಅವನ ಹೊಲಕ್ಕೆ ಹೋಗುತ್ತಾಳೆ. ಮೊದಲು ವಾರಕ್ಕೆರಡು ದಿನ, ಆಮೇಲೆ ಹಾಜರಿ ಕಡಿಮೆ, ಆಮೇಲೆ ಹೆಸರೇ ಇಲ್ಲ.

ಕಾನೂನೂ ಇವರನ್ನು ಇದೇ ಜಾಗದಲ್ಲಿ ಕೈಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವಯಸ್ಸಿನವರೆಗೆ, ಎಂಟನೆಯ ತರಗತಿಯವರೆಗೆ ಮಾತ್ರ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದು ಎನ್ನುತ್ತದೆ, ಹದಿನಾಲ್ಕು ತುಂಬಿದರೆ ಅಪಾಯದ್ದಲ್ಲದ ಕೆಲಸಕ್ಕೆ ದಾರಿ ಬಿಡುತ್ತದೆ. ಒಂಬತ್ತನೆಯ ತರಗತಿಯ ಬಾಗಿಲಲ್ಲಿ ಎರಡೂ ಕಾನೂನು ಒಟ್ಟಿಗೆ ಕೈ ತೊಳೆದುಕೊಂಡವು. ಹೈಸ್ಕೂಲು ಮುಗಿಯುವ ಮೊದಲೇ, ಸ್ವಾಮಿ!

ಇನ್ನು ಪ್ರವೇಶ ಪರೀಕ್ಷೆ ನಡೆಸಿ ಆರನೆಯ ತರಗತಿಗೇ ಮಕ್ಕಳನ್ನು ಆಯ್ದುಕೊಳ್ಳುವ ಶಾಲೆಗಳು: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ. ಮೊದಲೆರಡು ವಸತಿ ಶಾಲೆಗಳಿಂದ ನಮ್ಮ ಕೇರಿಯ ಮಕ್ಕಳಿಗೆ ಅನ್ನ, ಹಾಸಿಗೆ, ಪುಸ್ತಕ ಸಿಕ್ಕಿವೆ. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಜರಡಿ ಹಿಡಿದು ಕಾಳು ಆರಿಸಿಕೊಂಡ ಶಾಲೆಯನ್ನೂ, ಬಂದವರನ್ನೆಲ್ಲ ಒಳಗೆ ಕರೆದ ಹಳ್ಳಿಯ ಹೈಸ್ಕೂಲನ್ನೂ ಒಂದೇ ತಕ್ಕಡಿಗೆ ಹಾಕುವುದು ಯಾವ ನ್ಯಾಯ?

ಅಂಕಿಯ ಹೆಸರಲ್ಲಿ ಮಗುವನ್ನು ಹೊರಗಿಡುವ ಜಾಣತನ ನಮ್ಮ ನೆಲಕ್ಕೆ ಹೊಸದಲ್ಲ. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ರಟ್ಟೀಹಳ್ಳಿ ಧಾರವಾಡ ಜಿಲ್ಲೆಯದು. ಆ ಧಾರವಾಡದ ಸರಕಾರಿ ಶಾಲೆಗೆ 1856ರ ಜೂನ್‌ನಲ್ಲಿ ಒಬ್ಬ ಮಹಾರ ಹುಡುಗ ಪ್ರವೇಶ ಕೇಳಿದ. ಕೊಡಲಿಲ್ಲ. ಅವನ ಅರ್ಜಿ ಮುಂಬೈ ಸರಕಾರದವರೆಗೆ ಹೋಯಿತು. ದೊರೆಗಳು ಕೊಟ್ಟ ಕಾರಣ ಏನು? ಒಬ್ಬನನ್ನು ಸೇರಿಸಿಕೊಂಡರೆ ಉಳಿದ ಬಹುಜನರಿಗೆ ಶಾಲೆಯೇ ನಿರುಪಯೋಗವಾದೀತು ಎಂಬುದು. ಹುಡುಗನ ಹಕ್ಕನ್ನು ಅವರು ನೇರವಾಗಿ ಅಲ್ಲಗಳೆಯಲಿಲ್ಲ, ಲೆಕ್ಕ ಹಾಕಿದರು. ಒಬ್ಬನ ವಿರುದ್ಧ ನೂರು. ಸರಕಾರದ ಖರ್ಚಿನ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕೆಂಬ ಮಾತು ಮೇಲಿನಿಂದ ಬಂದದ್ದು 1858ರಲ್ಲಿ, ಅದೂ ಬಹುಕಾಲ ಕಾಗದದ ಮೇಲೆಯೇ. 1920ರ ದಶಕದ ಕೊನೆಗೆ ಬಾಬಾಸಾಹೇಬರ ಶ್ರಮದಿಂದ ಧಾರವಾಡದಲ್ಲಿ ದಲಿತ ಹುಡುಗರಿಗೆ ವಿದ್ಯಾರ್ಥಿನಿಲಯ ಆಯಿತು. ಬಾಗಿಲು ತೆರೆದರೆ ಸಾಲದು, ಒಳಗೆ ಉಳಿಯಲು ಅನ್ನ ಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಪರ್ಸೆಂಟೇ ನಿಜ ಅನ್ನುವವರಿಗೆ ಒಂದು ಮಾತು. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೋಣೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿಯೂ ಅದು 73.40ಕ್ಕೆ ಇಳಿಯಿತು. ಒಂದು ಕ್ಯಾಮೆರಾಕ್ಕೆ ಹೆದರಿ ಓಡುವ ಅಂಕಿಯನ್ನು ನಂಬಿ ಯಾವ ಶಾಲೆ ಒಳ್ಳೇದು, ಯಾವುದು ಕೆಟ್ಟದ್ದು ಅಂತ ತೀರ್ಪು ಕೊಡುತ್ತೀರಾ?

ಹಾಗಾದರೆ ಶಾಲೆಗಳನ್ನು ಹೋಲಿಸುವುದೇ ಬೇಡವೆ? ಬೇಕು, ಖಂಡಿತ ಬೇಕು. ಸರಕಾರಿ ಹೈಸ್ಕೂಲಲ್ಲಿ ಎಲ್ಲ ಸರಿ ಇದೆ ಅಂತ ನಾವು ಹೇಳುತ್ತಿಲ್ಲ. ಅಲ್ಲೂ ಪಾಠ ಬಿಟ್ಟು ಪಾಸಿಂಗ್ ಪ್ಯಾಕೇಜ್ ಉರು ಹೊಡೆಸುವವರಿದ್ದಾರೆ, ಕೊನೆ ಬೆಂಚಿನತ್ತ ಕಣ್ಣೆತ್ತಿ ನೋಡದವರಿದ್ದಾರೆ. ಅವರನ್ನು ಬಿಡಬೇಕಾಗಿಲ್ಲ. ಹೋಲಿಕೆಯ ಅಳತೆ ಮಾತ್ರ ನಮ್ಮದಾಗಬೇಕು. ಗಣಿತ, ವಿಜ್ಞಾನಕ್ಕೆ ಕಾಯಂ ಮಾಸ್ತರು ಇದ್ದಾರೋ, ಅಥವಾ ವರ್ಷವರ್ಷ ಬದಲಾಗುವ ಅತಿಥಿ ಶಿಕ್ಷಕರ ಮೇಲೆಯೇ ನಡೆದಿದೆಯೋ? ಹೆಣ್ಣುಮಕ್ಕಳಿಗೆ ನೀರಿರುವ ಪಾಯಖಾನೆ ಇದೆಯೋ? ಸಂಜೆಯ ಬಸ್ಸು ಎಷ್ಟೊತ್ತಿಗೆ? 2023ರಿಂದ ಹುಡುಗಿಯರಿಗೆ ಟಿಕೆಟ್ ಇಲ್ಲ ನಿಜ, ಬಸ್ಸೇ ಬಾರದ ಹಳ್ಳಿಗೆ ಅದರಿಂದ ಏನಾಯಿತು?

ಹಳ್ಳಿಯ ಮಾಸ್ತರು, ಅಕ್ಕೋರುಗಳಿಗೆ ನಮ್ಮ ಕೋರಿಕೆ ಇಷ್ಟೆ. ಈ ವರ್ಷ ಹತ್ತನೆಯ ಪರೀಕ್ಷೆಗೆ ಕೂತವರ ಪಟ್ಟಿ ತೆಗೆಯಿರಿ. ಅವರ ಜೊತೆ ಎಂಟನೆಯ ತರಗತಿಯಲ್ಲಿದ್ದವರ ಹಾಜರಿ ಪುಸ್ತಕ ಪಕ್ಕಕ್ಕಿಡಿ. ವರ್ಗಾವಣೆ ಪತ್ರ ಒಯ್ದು ಬೇರೆ ಶಾಲೆಗೆ ಹೋದವರನ್ನು ಬಿಟ್ಟು, ಉಳಿದ ಹೆಸರುಗಳ ಮುಂದೆ ಕೇರಿ ಯಾವುದು, ಗಂಡೋ ಹೆಣ್ಣೋ, ಯಾವ ತಿಂಗಳು ಸಾಲಿ ಬಿಟ್ಟರು ಅಂತ ಬರೆಯಿರಿ. ಫ್ಲೆಕ್ಸ್ ಹಚ್ಚುವ ದಿನ ಆ ಪಟ್ಟಿಯನ್ನೂ ಅದೇ ಗೇಟಿಗೆ ಹಚ್ಚಿ.