ತೆಗೆದ ಪಟ, ತೆಗೆಸಿಕೊಂಡ ಪಟ

ಕನ್ನಡದಲ್ಲಿ ಕ್ಯಾಮೆರಾದ ಮಾತು ಬಂದಾಗಲೆಲ್ಲ ಅದು ಬೇಗ ಕಾಡಿಗೆ ಹೋಗಿಬಿಡುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳು, ಟಿ.ಎನ್.ಎ. ಪೆರುಮಾಳ್ ಅವರ ವನ್ಯಜೀವಿಗಳು ನಮ್ಮ ಛಾಯಾಚಿತ್ರದ ಅಭಿರುಚಿಯನ್ನು ತಿದ್ದಿವೆ. ಕಾಯುವುದು, ಸದ್ದು ಮಾಡದಿರುವುದು, ಮರೆಯಲ್ಲಿ ಕೂರುವ ತಾಳ್ಮೆ ಇವೇ ಒಳ್ಳೆಯ ಛಾಯಾಗ್ರಾಹಕನ ಗುಣಗಳೆಂದು ನಾವು ಒಪ್ಪಿಕೊಂಡಿದ್ದೇವೆ. ಆದರೆ ಹಕ್ಕಿ ತನ್ನ ಪಟವನ್ನು ಕೇಳುವುದಿಲ್ಲ, ಕುಣಿಯುವ ಮನುಷ್ಯ ಕೇಳುತ್ತಾನೆ. ಮರೆಯಲ್ಲಿ ಕೂತು ಹಕ್ಕಿಯ ಪಟ ತೆಗೆದರೆ ಕಲೆ. ಮರೆಯಲ್ಲಿ ಕೂತು ಕುಣಿಯುವ ಹುಡುಗಿಯ ಪಟ ತೆಗೆದರೆ ಅದಕ್ಕೆ ಬೇರೆ ಹೆಸರಿದೆ. ಇರುಳಿನ ಕುಣಿತದ ಪಟಗಳನ್ನು ಓದಲು ಬೇರೆ ಅಳತೆಗೋಲು ಬೇಕು. ಅದು ಯಾವುದಿರಬಹುದು ಎಂಬುದು ಈ ಬರಹದ ಪ್ರಶ್ನೆ.

ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಪಿಎಚ್.ಡಿ.ಗೆ ಸೇರಿದ ಮೇಲೆ ಎರಡು ವರ್ಷ, ವಾರಾಂತ್ಯದ ರಾತ್ರಿಗಳಲ್ಲಿ ಬೆಂಗಳೂರಿನ ಒಂದು ನೈಟ್ ಕ್ಲಬ್ಬಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಅದಕ್ಕೂ ಮೊದಲು ಮುಳಬಾಗಿಲಿನ ಸ್ಟುಡಿಯೋ ಒಂದರ ಜೊತೆ ಮದುವೆಗಳಿಗೆ ಹೋಗುತ್ತಿದ್ದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ನೈಟ್ ಕ್ಲಬ್ ಎಂದರೆ ಸಿನಿಮಾದಲ್ಲಿ ಕಾಣುವ ಜಾಗ. ರಾತ್ರಿ ಫೋಟೋ ತೆಗೆಯುವವರು ಮಾತ್ರ ಬೇಕಾದಷ್ಟು ಜನ ಇದ್ದಾರೆ. ಆರತಕ್ಷತೆಯ ರಾತ್ರಿ, ಆರ್ಕೆಸ್ಟ್ರಾ ರಾತ್ರಿ, ಕರಗದ ರಾತ್ರಿ, ಪೌರಾಣಿಕ ನಾಟಕದ ರಾತ್ರಿ ಇವೆಲ್ಲ ಅವರ ಕಸುಬು. ಆಷಾಢ ಬಂತೆಂದರೆ ಮದುವೆಗಳಿಲ್ಲ. ಆಗ ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಕ್ಲಬ್ಬುಗಳಿಗೆ ಹೋಗುವ ಕೆಲವು ಹುಡುಗರನ್ನು ನಾನು ಬಲ್ಲೆ. ಮಾಲೂರಿನವರಿಗೆ ರೈಲು, ಕೋಲಾರ ಮುಳಬಾಗಿಲಿನವರಿಗೆ ಹೆದ್ದಾರಿಯ ಬಸ್ಸು. ಬೆಳಗಿನ ಜಾವ ಇವರು ಊರಿಗೆ ಮರಳುವಾಗ ಎದುರಿನ ರೈಲಿನಲ್ಲಿ ಬಂಗಾರಪೇಟೆ ಕಡೆಯ ಜನ ದುಡಿಯಲು ನಗರಕ್ಕೆ ಹೋಗುತ್ತಿರುತ್ತಾರೆ. ನಮ್ಮ ಜಿಲ್ಲೆಯ ಇರುಳಿಗೆ ವಿದ್ಯುತ್ ಬಂದದ್ದೇ ದುಡಿಮೆಗಾಗಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಬಂತು, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಕ್ಲಬ್ಬಿನ ಫೋಟೋದವನೂ ಒಂದು ಬಗೆಯ ರಾತ್ರಿಪಾಳಿಯವನೇ. ಎಲ್ಲರೂ ಕುಣಿಯುವ ಜಾಗದಲ್ಲಿ ಕುಣಿಯದೆ ನಿಂತಿರುವವನು.

ಈ ಕೆಲಸದ ತಂತ್ರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಪಟದ ಅರ್ಥ ಅಲ್ಲೇ ಶುರುವಾಗುತ್ತದೆ. ಕಲ್ಯಾಣ ಮಂಟಪದ ಚಾವಣಿ ಬಿಳಿ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ಚಾವಣಿಗೆ ಬಡಿದು ಎಲ್ಲರ ಮೇಲೂ ಮೆತ್ತಗೆ ಇಳಿಯುತ್ತದೆ. ಕ್ಲಬ್ಬಿನ ಚಾವಣಿ ಕಪ್ಪು, ಅದು ಬೆಳಕನ್ನು ನುಂಗುತ್ತದೆ. ಅಲ್ಲಿ ಫ್ಲ್ಯಾಶ್ ನೇರವಾಗಿ ಮುಖಕ್ಕೇ ಹೋಗಬೇಕು. ಜೊತೆಗೆ ಶಟರನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿಡುತ್ತೇವೆ. ಫ್ಲ್ಯಾಶ್ ಬೆಳಗುವುದು ಅದರಲ್ಲಿ ಒಂದು ಕ್ಷಣಾಂಶ ಮಾತ್ರ. ಆ ಕ್ಷಣಾಂಶದಲ್ಲಿ ಮುಖ ಕಲ್ಲಿನಂತೆ ನಿಲ್ಲುತ್ತದೆ. ಉಳಿದ ಹೊತ್ತಿನಲ್ಲಿ ಕೆಂಪು ನೀಲಿ ದೀಪಗಳು ಗೆರೆಗಳಾಗಿ ಹರಿಯುತ್ತವೆ. ಹಾಗಾಗಿ ಕ್ಲಬ್ಬಿನ ಒಳ್ಳೆಯ ಪಟದಲ್ಲಿ ಎರಡು ಕಾಲಗಳಿವೆ: ನಿಂತ ಮುಖ, ಹರಿಯುವ ಬೆಳಕು. ಚೆಲುವು ಹುಟ್ಟುವುದು ಇವೆರಡರ ನಡುವಿನ ಬಿರುಕಿನಲ್ಲಿ. ಸುಳ್ಳು ಹುಟ್ಟುವುದೂ ಅಲ್ಲೇ. ಹತ್ತು ಗಂಟೆಗೆ ಹಾಲ್ ಅರ್ಧ ಖಾಲಿ ಇರುತ್ತದೆ. ಕೆಳಗೆ ಬಗ್ಗಿ, ಮುಖಗಳನ್ನು ಒತ್ತೊತ್ತಾಗಿ ಹಿಡಿದರೆ ಜಾತ್ರೆಯಂತೆ ಕಾಣುತ್ತದೆ. ಬೇಸತ್ತು ಕೂತವಳು ಮುಖ ಎತ್ತಿದ ಒಂದೇ ಗಳಿಗೆಯಲ್ಲಿ ಸಂಭ್ರಮಿಸಿದವಳಾಗುತ್ತಾಳೆ. ಗೇಟಿನಲ್ಲಿ ನಿಂತವರು, ಗಾಜಿನ ಚೂರು ಗುಡಿಸುವವರು, ಅಡುಗೆಮನೆಯ ಹಿಂದೆ ಗೋಡೆಗೊರಗಿ ನಿದ್ದೆ ಹೋದವರು ಯಾವ ಪಟದಲ್ಲೂ ಇರುವುದಿಲ್ಲ. ಭಾನುವಾರ ಮಧ್ಯಾಹ್ನದೊಳಗೆ ಚಿತ್ರಗಳು ಕ್ಲಬ್ಬಿನ ಪ್ರಚಾರ ನೋಡಿಕೊಳ್ಳುವವರಿಗೆ ತಲುಪಬೇಕು. ಸಂಜೆಗೆ ಇನ್‌ಸ್ಟಾಗ್ರಾಮಿನಲ್ಲಿ. ಕುಣಿದವರು ತಮ್ಮ ಪಟವನ್ನು ನೋಡುವುದು ಲೋಕ ನೋಡುವ ಹೊತ್ತಿಗೇ, ಕೆಲವೊಮ್ಮೆ ಲೋಕ ನೋಡಿ ಹೇಳಿದ ಮೇಲೆ.

ಇಲ್ಲಿ ನಮ್ಮ ಭಾಷೆ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಫೋಟೋ ತೆಗೆಯುತ್ತಾರೆ, ಹಿಡಿಯುತ್ತಾರೆ, ಆಡುಮಾತಿನಲ್ಲಿ ಹೊಡೆಯುತ್ತಾರೆ ಕೂಡ. ಇವೆಲ್ಲದರಲ್ಲೂ ಕರ್ತೃ ಕ್ಯಾಮೆರಾದ ಹಿಂದಿದ್ದಾನೆ. ಆದರೆ ನಮ್ಮಲ್ಲಿ ಇನ್ನೊಂದು ಕ್ರಿಯಾಪದವಿದೆ: ತೆಗೆಸಿಕೊಳ್ಳುವುದು. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೆವು ಎಂದಾಗ ಕರ್ತೃ ಕ್ಯಾಮೆರಾದ ಮುಂದಿದ್ದಾನೆ. ಕೋಲಾರದ ಸೀಮೆಯಲ್ಲಿ ಕನ್ನಡದ ಪಕ್ಕದಲ್ಲೇ ಬಾಳುವ ತೆಲುಗಿನಲ್ಲೂ ‘ತೀಯಿಂಚುಕೋವಡಂ’ ಎಂಬ ಅದೇ ಕಟ್ಟಿನ ಮಾತಿದೆ. ನಾನು ಹುಡುಕುತ್ತಿದ್ದ ಅಳತೆಗೋಲು ಈ ಪ್ರತ್ಯಯದಲ್ಲಿದೆ ಎಂದು ನನಗನಿಸುತ್ತದೆ. ಒಂದು ಇರುಳಿನ ಪಟ ಎದುರಿಗೆ ಬಂದಾಗ ಅದು ಎಷ್ಟು ಚೆನ್ನಾಗಿದೆ ಎನ್ನುವುದಕ್ಕೂ ಮೊದಲು ಕೇಳಬೇಕಾದದ್ದು ಇದು: ಇದು ತೆಗೆದ ಪಟವೋ, ತೆಗೆಸಿಕೊಂಡ ಪಟವೋ?

ಮಾಲಿ ದೇಶದ ಮಲಿಕ್ ಸಿದಿಬೆ ಈ ಪ್ರಶ್ನೆಗೆ ಸಿಗುವ ಅತ್ಯುತ್ತಮ ಉತ್ತರ. ಮಾಲಿ 1960ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾಯಿತು. ರಾಜಧಾನಿ ಬಮಾಕೋದ ಹುಡುಗ ಹುಡುಗಿಯರು ಗೆಳೆಯರ ಕೂಟಗಳನ್ನು ಕಟ್ಟಿಕೊಂಡು ಶನಿವಾರದ ರಾತ್ರಿ ಕುಣಿಯುತ್ತಿದ್ದರು. ಸಿದಿಬೆ ಸೈಕಲ್ಲಿನಲ್ಲಿ ಒಂದು ಕೂಟದಿಂದ ಇನ್ನೊಂದಕ್ಕೆ ಹೋಗಿ ಪಟ ತೆಗೆಯುತ್ತಿದ್ದ. ಆಮೇಲೆ ಚಿಕ್ಕ ಪ್ರಿಂಟುಗಳನ್ನು ರಟ್ಟಿಗೆ ಅಂಟಿಸಿ ತನ್ನ ಸ್ಟುಡಿಯೋದಲ್ಲಿ ಇಡುತ್ತಿದ್ದ. ಕುಣಿದವರೇ ಬಂದು, ನೋಡಿ, ನಕ್ಕು, ಬೇಕಾದದ್ದನ್ನು ಆರಿಸಿ ಪ್ರಿಂಟ್ ಹಾಕಿಸಿಕೊಳ್ಳುತ್ತಿದ್ದರು. ಅವನ ಹೆಸರಾಂತ ಪಟ 1963ರ ಕ್ರಿಸ್‌ಮಸ್ ರಾತ್ರಿಯದು. ತಿಳಿಬಣ್ಣದ ಸೂಟಿನ ಹುಡುಗ, ಬರಿಗಾಲಿನ ಹುಡುಗಿ, ತಲೆಗೆ ತಲೆ ತಾಗುವಷ್ಟು ಹತ್ತಿರ, ಇಬ್ಬರ ಕಣ್ಣೂ ಕೆಳಗೆ ಹೆಜ್ಜೆಯ ಮೇಲೆ. ಅವರು ಕ್ಯಾಮೆರಾವನ್ನು ನೋಡುತ್ತಿಲ್ಲ. ಆದರೂ ಇದು ಕದ್ದ ಪಟವಲ್ಲ ಎಂದು ಗೊತ್ತಾಗುತ್ತದೆ, ಏಕೆಂದರೆ ನೋಡುವವನಿದ್ದಾನೆ ಎಂಬ ಅಳುಕು ಆ ಮೈಗಳಲ್ಲಿ ಎಲ್ಲೂ ಇಲ್ಲ. 2007ರಲ್ಲಿ ವೆನಿಸ್ ಬಿನಾಲೆ ಸಿದಿಬೆಗೆ ಜೀವಮಾನ ಸಾಧನೆಯ ಸ್ವರ್ಣಸಿಂಹ ಕೊಟ್ಟಿತು. ಈ ಚಿತ್ರಗಳಲ್ಲಿ ಸ್ವಾತಂತ್ರ್ಯದ ಹುರುಪನ್ನು ವಿಮರ್ಶಕರು ಕಂಡಿದ್ದಾರೆ. ಸರಿಯೇ. ಆದರೆ ಆ ಹುರುಪಿನ ಹಿಂದೆ ಒಂದು ಸಾದಾ ವ್ಯವಹಾರವಿತ್ತು. ಪಟದ ಮೊದಲ ನೋಡುಗ ಪಟದಲ್ಲಿದ್ದವನೇ ಆಗಿದ್ದ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕ್ಯಾಟಕೂಂಬ್ಸ್ ಎಂಬ ನೈಟ್ ಕ್ಲಬ್ಬಿತ್ತು. ಬಿಲ್ಲಿ ಮಂಕ್ ಅಲ್ಲಿ ಬೌನ್ಸರ್. 1960ರ ದಶಕದ ಕೊನೆಗೆ ಅಲ್ಲಿಗೆ ಬರುವವರ ಪಟ ತೆಗೆದು ಅವರಿಗೇ ಮಾರುತ್ತಿದ್ದ. ವರ್ಣಭೇದದ ಕಾನೂನು ಬೇರೆ ಬೇರೆ ವರ್ಣದವರ ಪ್ರೀತಿಯನ್ನು ಅಪರಾಧವೆಂದಿದ್ದ ಕಾಲ ಅದು. ತಪ್ಪಾದ ಕೈಗೆ ಸಿಕ್ಕರೆ ಅಂಥ ಜಾಗದ ಪಟ ಪುರಾವೆಯಾಗಬಲ್ಲದು. ಆದರೂ ಮಂಕ್‌ನ ಲೆನ್ಸಿನ ಮುಂದೆ ಅವರು ನಿಶ್ಚಿಂತೆಯಿಂದ ಕೂತಿದ್ದಾರೆ. ಅವನು ಅವರ ರಾತ್ರಿಯೊಳಗಿನವನು. ಆ ನೆಗೆಟಿವ್‌ಗಳು 1979ರಲ್ಲಿ ಬೇರೊಬ್ಬ ಛಾಯಾಗ್ರಾಹಕನ ಕಣ್ಣಿಗೆ ಬಿದ್ದು 1982ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಪ್ರದರ್ಶನಗೊಂಡವು. ತನ್ನ ಪ್ರದರ್ಶನವನ್ನು ನೋಡುವ ಮೊದಲೇ ಮಂಕ್ ಒಂದು ಜಗಳದಲ್ಲಿ ಗುಂಡೇಟಿಗೆ ಸತ್ತ. ಗ್ಯಾಲರಿಯ ಬಿಳಿ ಗೋಡೆಗೆ ಬರುವ ಹೊತ್ತಿಗೆ ಪಟದಲ್ಲಿದ್ದವರೂ ತೆಗೆದವನೂ ಇಬ್ಬರೂ ಅದರಿಂದ ಬೇರೆಯಾಗಿದ್ದರು. ಒಂದು ಪಟ ತೆಗೆಸಿಕೊಂಡದ್ದಾಗಿ ಹುಟ್ಟಿ, ಆಮೇಲೆ ಬರೀ ತೆಗೆದದ್ದಾಗಿ ಉಳಿಯಬಹುದು ಎಂಬುದನ್ನು ಮಂಕ್‌ನ ಕತೆ ತೋರಿಸುತ್ತದೆ.

ನಮ್ಮ ನಾಡಿನಲ್ಲಿ ಇದರ ಪಣ ಎಷ್ಟು ದೊಡ್ಡದೆಂದು ಮಂಗಳೂರು ಕಲಿಸಿದೆ. 2009ರ ಜನವರಿ 24ರಂದು ಅಲ್ಲಿನ ಪಬ್ಬಿಗೆ ಗುಂಪೊಂದು ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆಯಿತು. ಸುದ್ದಿಯ ಕ್ಯಾಮೆರಾಗಳು ಅಲ್ಲಿದ್ದವು. ಆ ದೃಶ್ಯ ಟಿ.ವಿ.ಯಲ್ಲಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಹೊಡೆತ ತಿಂದವರು ಆ ಚಿತ್ರಗಳನ್ನು ತೆಗೆಸಿಕೊಂಡಿರಲಿಲ್ಲ, ಆದರೆ ಅವುಗಳೊಂದಿಗೆ ಬಾಳಬೇಕಾದವರು ಅವರೇ. ದೇಶವೆಲ್ಲ ಕಣ್ಣಾರೆ ನೋಡಿದ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2018ರ ಮಾರ್ಚಿನಲ್ಲಿ ಆರೋಪಿಗಳು ಖುಲಾಸೆಯಾದರು. 2012ರ ಜುಲೈನಲ್ಲಿ ಅದೇ ಊರಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. ಅದನ್ನು ಚಿತ್ರೀಕರಿಸಿದ ವರದಿಗಾರ ನವೀನ್ ಸೂರಿಂಜೆ ನಾಲ್ಕು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ದಾಳಿ ಮಾಡಿದವರನ್ನು ಗುರುತಿಸಲು ನೆರವಾದದ್ದು ಅಂದಿನ ದೃಶ್ಯಗಳೇ. ನನ್ನ ಅಳತೆಗೋಲು ಇಲ್ಲಿ ಸ್ವಲ್ಪ ಬಾಗಬೇಕಾಗುತ್ತದೆ. ಸಾಕ್ಷಿಯಾಗುವ ಪಟ ಯಾರ ಒಪ್ಪಿಗೆಯನ್ನೂ ಕಾಯಲಾರದು. ಆದರೆ ಸಾಕ್ಷಿಗೆ ಬೇಕಾದ್ದು ಹೊಡೆದವನ ಮುಖ. ಹೊಡೆತ ತಿಂದವಳ ಮುಖವನ್ನು ಊರಿಗೆಲ್ಲ ತೋರಿಸುವುದಕ್ಕೆ ಸಾಕ್ಷಿಯ ನೆಪ ಸಾಲದು.

ಇದೆಲ್ಲ ಕೋಲಾರಕ್ಕೆ ದೂರದ್ದೆಂದು ತೋರಬಹುದು. ಹಾಗಿಲ್ಲ. ಒಂದು ರಾತ್ರಿ ಕ್ಲಬ್ಬಿನಲ್ಲಿ ನನ್ನ ಮಾತಿನ ಧಾಟಿ ಕೇಳಿಯೇ ಒಬ್ಬಳು ಗುರುತು ಹಿಡಿದಳು. “ಅಣ್ಣಾ, ನಿಮ್ದು ಕೋಲಾರ ಕಡೆನಾ? ನಮ್ದು ಶ್ರೀನಿವಾಸಪುರ. ಫೋಟೋ ತೆಗೀರಿ, ಆದ್ರೆ ಪೇಜಿಗೆ ಹಾಕಬೇಡಿ, ಊರಲ್ಲಿ ನೋಡ್ತಾರೆ” ಎಂದಳು. ತೆಗೆದು ಅವಳ ಫೋನಿಗೆ ಕಳಿಸಿ, ಅವಳೆದುರೇ ಕಾರ್ಡಿನಿಂದ ಅಳಿಸಿದೆ. ಅವಳಿಗೆ ಪಟ ಬೇಡವಾಗಿರಲಿಲ್ಲ. ತಾನು ಅಷ್ಟು ಚೆನ್ನಾಗಿ ಕುಣಿದ ರಾತ್ರಿಯ ಗುರುತು ಅವಳಿಗೆ ಬೇಕಿತ್ತು. ಬೇಡವಾಗಿದ್ದದ್ದು ಮೊದಲ ನೋಡುಗನಾಗಿ ಊರು. ಈ ವ್ಯತ್ಯಾಸ ಕ್ಲಬ್ಬಿಗೂ ತಿಳಿಯುವುದಿಲ್ಲ, ಸಂಸ್ಕೃತಿ ಕಾಯುತ್ತೇವೆನ್ನುವವರಿಗೂ ತಿಳಿಯುವುದಿಲ್ಲ. ಒಬ್ಬರಿಗೆ ಅವಳ ಮುಖ ಪ್ರಚಾರ, ಇನ್ನೊಬ್ಬರಿಗೆ ಅಪರಾಧ.

ಹಾಗಾದರೆ ನಮ್ಮ ಮದುವೆ ಆಲ್ಬಮ್ಮೇ ಮಾದರಿಯೇ? ಅಲ್ಲಿ ಮನೆಯವರು ಸ್ಟುಡಿಯೋಗೆ ಬಂದು, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಪಟ ಆರಿಸುತ್ತಾರೆ. ಸಿದಿಬೆಯ ಸ್ಟುಡಿಯೋದಂತೆಯೇ ಕಾಣುತ್ತದೆ. ಆದರೆ ಆರಿಸುವವರು ಬಹುತೇಕ ಅಪ್ಪ, ಚಿಕ್ಕಪ್ಪ, ಸೋದರಮಾವ. ಮದುಮಗಳು ಗೆಳತಿಯರೊಡನೆ ಮನಸಾರೆ ಕುಣಿದ ಪಟ “ಇದ್ಯಾಕೆ, ಬಿಡಪ್ಪ” ಎಂಬ ಒಂದು ಮಾತಿಗೆ ಹೊರಗುಳಿಯುತ್ತದೆ. ಕುಟುಂಬ ತೆಗೆಸಿದ ಪಟವೆಲ್ಲ ಅವಳು ತೆಗೆಸಿಕೊಂಡ ಪಟವಲ್ಲ. ‘ಕೊಳ್ಳು’ ಎಂಬುದು ಯಾರಿಗೆ ಅಂಟಿದೆ ಎಂದು ನೋಡಬೇಕು.

ಮಾಲೂರು, ಕೋಲಾರಗಳ ಕರಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲೂ ಇರುಳು, ಅಲ್ಲೂ ವಾದ್ಯದ ಅಬ್ಬರ, ಅಲ್ಲೂ ಮೈಮರೆವ ಹೆಜ್ಜೆ. ಹೆಣ್ಣಿನ ಉಡುಗೆಯುಟ್ಟು, ಮಲ್ಲಿಗೆಯ ಕರಗ ಹೊತ್ತ ಗಂಡಸು ಬೀದಿಗಿಳಿದರೆ ನೂರಾರು ಫೋನುಗಳು ಮೇಲೇಳುತ್ತವೆ. ಅವನು ರಾತ್ರಿಯಲ್ಲಿ ಯಾಕೆ ಕುಣಿದ ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ. ಅವನ ಕುಣಿತಕ್ಕೆ ದೇವರ ಅಪ್ಪಣೆಯಿದೆ, ಊರಿನ ಕಾವಲಿದೆ. ನಮ್ಮ ಸಮಾಜಕ್ಕೆ ಇರುಳಿನ ಕುಣಿತದ ಬಗ್ಗೆ ತಕರಾರಿಲ್ಲ; ಅಪ್ಪಣೆ ಕೇಳದ ಕುಣಿತದ ಬಗ್ಗೆ ಇದೆ. ಕುಣಿಯುವ ಮೈಯನ್ನು ಗೌರವದಿಂದ ನೋಡುವ ದಾರಿ ನಮ್ಮಲ್ಲಿಲ್ಲವೆಂದೇನೂ ಅಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಬೇಲೂರಿನ ಮದನಿಕೆಯರ ಬಗ್ಗೆ ‘ಅಂತಃಪುರ ಗೀತೆ’ ಬರೆದಾಗ ಆ ಶಿಲ್ಪಗಳನ್ನು ವರ್ಣಿಸಿ ಸುಮ್ಮನಾಗಲಿಲ್ಲ. ಅವರನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿಸಿದರು, ಪ್ರಶ್ನೆ ಕೇಳಿದರು. ಕಲ್ಲಿನ ನರ್ತಕಿಯನ್ನೂ ‘ಅವಳು’ ಎನ್ನದೆ ‘ನೀನು’ ಎಂದು ಕರೆದ ನೋಟ ಅದು. ಕಲ್ಲಿಗೆ ಸಲ್ಲಿಸಿದ ಆ ಮರ್ಯಾದೆಯನ್ನು ಜೀವವಿರುವವರಿಗೆ ಸಲ್ಲಿಸುವುದು ಕಷ್ಟವಾಗಬಾರದು.

ಕೆಲಸದಲ್ಲಿ ಇದರ ಅರ್ಥ ಬಹಳ ಸಣ್ಣದು. ಕ್ಲಿಕ್ಕಿಸಿದ ಮೇಲೆ ಕ್ಯಾಮೆರಾವನ್ನು ತಿರುಗಿಸಿ ಹಿಂದಿನ ಪರದೆಯನ್ನು ಅವರಿಗೆ ತೋರಿಸುವುದು. ಅಂಗೈಗಿಂತ ಚಿಕ್ಕ ಆ ಪರದೆ ಸಿದಿಬೆ ರಟ್ಟಿಗೆ ಅಂಟಿಸಿದ ಪ್ರಿಂಟಿನ ಕೆಲಸ ಮಾಡಬಲ್ಲದು. ಸಾಲದ್ದಕ್ಕೆ, ಪೇಜಿಗೆ ಹೋಗುವ ಮುನ್ನ ಪಟ ಒಂದು ದಿನ ಕುಣಿದವರ ಬಳಿ ಇರಲಿ ಎಂದು ಕೇಳಬಹುದು. ನಾನು ಕೇಳಿದಾಗ, ಒಂದು ದಿನ ತಡವಾದರೆ ಹಳಸಿಹೋಗುತ್ತದೆ ಎಂಬ ಉತ್ತರ ಬಂತು. ಸಿದಿಬೆಯ ಪಟಗಳಿಗೆ ಅರವತ್ತು ವರ್ಷ ದಾಟಿದೆ, ಇನ್ನೂ ಹಳಸಿಲ್ಲ.