ಒಡಿಸಿ ಸೋತದ್ದು ಅಂಗಡಿಯಲ್ಲಿ

ವಿಡಿಯೊ ಗೇಮ್‌ಗಳ ಚರಿತ್ರೆ ಬರೆಯುವವರು ಮ್ಯಾಗ್ನವಾಕ್ಸ್ ಒಡಿಸಿಗೆ ಒಂದು ಪ್ಯಾರಾ ಕೊಟ್ಟು ಅಟಾರಿಯ ಪಾಂಗ್‌ನತ್ತ ಓಡುತ್ತಾರೆ. 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ, ಮನೆಯ ಟಿವಿಗೆ ಜೋಡಿಸಿ ಆಡುವ ಆ ಮೊದಲ ಯಂತ್ರ ಅವರ ಪಾಲಿಗೆ ಅರೆಬೆಂದ ಸರಕು. ಸದ್ದಿಲ್ಲ, ಬಣ್ಣವಿಲ್ಲ, ಅಂಕ ಎಣಿಸಲು ಬಾರದು. ಪರದೆಯ ಮೇಲೆ ಮೂರು ಬಿಳಿ ಚುಕ್ಕೆ, ಒಂದು ಗೆರೆ. ಉಳಿದದ್ದಕ್ಕೆಲ್ಲ ಟಿವಿಯ ಗಾಜಿಗೆ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ, ದಾಳ, ಎಲೆಗಳು, ಆಟದ ನೋಟುಗಳು. ತಂತ್ರಜ್ಞಾನದ ಬಡತನಕ್ಕೆ ಕಾಗದ ಹೊದಿಸಿದರು ಎಂಬುದು ಎಲ್ಲರ ತೀರ್ಪು.

ಬಡತನ ನಿಜ. ಒಳಗೆ ಮೈಕ್ರೊಪ್ರೊಸೆಸರ್ ಇಲ್ಲ, ಸುಮಾರು 40 ಟ್ರಾನ್ಸಿಸ್ಟರ್, ಅಷ್ಟೇ ಡಯೋಡ್. ಆಟ ಬದಲಿಸಲು ತೂರಿಸುವ ಕಾರ್ಡಿನಲ್ಲೂ ಪ್ರೋಗ್ರಾಂ ಇರಲಿಲ್ಲ, ಒಳಗಿನ ಸರ್ಕ್ಯೂಟ್‌ಗಳನ್ನು ಬೇರೆ ಬೇರೆ ಬಗೆಯಲ್ಲಿ ಕೂಡಿಸುವ ಸಂಪರ್ಕಗಳಷ್ಟೆ. (ಇದನ್ನೇ ಮೊದಲ ಕಾರ್ಟ್ರಿಜ್ ಎಂದು ಮೆರೆಸುವ ಅಭಿಮಾನಿಗಳೂ ಎಡವುತ್ತಾರೆ. ಪ್ರೋಗ್ರಾಂ ಹೊತ್ತ ಕಾರ್ಟ್ರಿಜ್ ಬಂದದ್ದು 1976ರಲ್ಲಿ, ಫೇರ್‌ಚೈಲ್ಡ್ ಚಾನೆಲ್ ಎಫ್ ಜೊತೆ.) ಆದರೆ 'ಸ್ಕೀ' ಆಟ ನೋಡಿ. ಇಳಿಜಾರಿನ ದಾರಿ ಇರುವುದು ಹಾಳೆಯ ಮೇಲೆ. ಚುಕ್ಕೆ ದಾರಿ ತಪ್ಪಿತೋ ಇಲ್ಲವೋ ಯಂತ್ರಕ್ಕೆ ಗೊತ್ತಾಗದು. ತಪ್ಪಿದವನೇ ಒಪ್ಪಿಕೊಳ್ಳಬೇಕು, ಪಕ್ಕದವರು ಕಣ್ಣಿಟ್ಟಿರಬೇಕು, ತಕರಾರು ಬಂದರೆ ಮನೆಮಂದಿಯೇ ಬಗೆಹರಿಸಬೇಕು. ಚೌಕಾಬಾರದಲ್ಲಿ ಇದನ್ನು ಯಾರೂ ಕೊರತೆ ಎನ್ನುವುದಿಲ್ಲ. ಎಲ್ಲ ಆಟವೂ ಸೊಗಸೆಂದು ನಾನೂ ಹೇಳಲಾರೆ. 'ಸ್ಟೇಟ್ಸ್' ಎಂಬುದು ಅಮೆರಿಕದ ನಕಾಶೆ ಮುಂದಿಟ್ಟುಕೊಂಡು ನಡೆಸುವ ಶಾಲೆಯ ಪ್ರಶ್ನೋತ್ತರ, ಅದಕ್ಕೆ ಟಿವಿಯೇ ಬೇಡ.

ಇಲ್ಲಿ ನನ್ನ ತಕರಾರು ಒಡಿಸಿಯ ಜನಕ ರಾಲ್ಫ್ ಬೇರ್ ಜೊತೆಗೂ ಇದೆ. ರಕ್ಷಣಾ ಇಲಾಖೆಗೆ ಉಪಕರಣ ತಯಾರಿಸುತ್ತಿದ್ದ ಸ್ಯಾಂಡರ್ಸ್ ಕಂಪನಿಯಲ್ಲಿ 1966ರಲ್ಲೇ ಈ ಕೆಲಸ ಶುರುಮಾಡಿದ ಬೇರ್, ಮ್ಯಾಗ್ನವಾಕ್ಸ್ ತುಂಬಿದ ದಾಳ, ಎಲೆಗಳನ್ನು ಬೇಡದ ಹೊರೆ ಎಂದೇ ಕಂಡರು. ಬೆಲೆಯ ಮಟ್ಟಿಗೆ ಅವರ ಸಿಟ್ಟು ಸರಿ: ಅಗ್ಗವಾಗಿರಲೆಂದು ಬಯಸಿದ ವಸ್ತು ನೂರು ಡಾಲರಿನ ಹತ್ತಿರಕ್ಕೆ ಮಾರಾಟವಾಯಿತು. ಅದೂ ಮ್ಯಾಗ್ನವಾಕ್ಸ್ ಡೀಲರುಗಳಲ್ಲಿ ಮಾತ್ರ. ಬೇರೆ ಕಂಪನಿಯ ಟಿವಿಗೆ ಇದು ಹೊಂದುವುದಿಲ್ಲವೆಂದು ಎಷ್ಟೋ ಗಿರಾಕಿಗಳು ನಂಬಿದ್ದರು. ಹೀಗಿದ್ದೂ ಸುಮಾರು 3.5 ಲಕ್ಷ ಯಂತ್ರಗಳು ಖರ್ಚಾದವು.

ಅಟಾರಿಯ ನೋಲನ್ ಬುಶ್ನೆಲ್ 1972ರ ಮೇನಲ್ಲಿ ಒಡಿಸಿಯ ಪ್ರದರ್ಶನ ನೋಡಿದರು, ನವೆಂಬರಿನಲ್ಲಿ ಪಾಂಗ್ ಬಂತು. ಮೊಕದ್ದಮೆ ನಡೆದು, 1976ರಲ್ಲಿ ಅಟಾರಿ ರಾಜಿಯಾಗಿ ಲೈಸೆನ್ಸ್ ಪಡೆಯಿತು. ಪಾಂಗ್ ಗೆದ್ದದ್ದು ಒಡಿಸಿಯೊಂದಿಗೆ ಬಂದ ಹನ್ನೆರಡು ಆಟಗಳಲ್ಲಿ ಟೇಬಲ್ ಟೆನಿಸ್ ಒಂದನ್ನು ಚೊಕ್ಕವಾಗಿಸಿ. ವಿಮರ್ಶಕರು ಉಳಿದ ಹನ್ನೊಂದನ್ನೂ ನಾಲ್ಕು ಜನರ ಜೊತೆ ಕೂತು ಆಡಿ, ಆಮೇಲೆ ತೀರ್ಪು ಬರೆಯಲಿ.