ಮಾತನಾಡದ ಮುದುಕನ ಊರು ಯಾವುದು?

ಹೊರನಾಡಿನಲ್ಲಿರುವ ನಮಗೊಂದು ಚಟವಿದೆ. ಯಾರಾದರೂ ದೊಡ್ಡ ಹೆಸರು ಮಾಡಿದರೆಂದು ಕೇಳಿದ ಕೂಡಲೆ ಅವರ ತಂದೆ ಎಲ್ಲಿಯವರು, ಅಜ್ಜಿಯ ಮನೆ ಯಾವ ತಾಲೂಕು ಎಂದು ಕೆದಕುತ್ತೇವೆ. ಎಲ್ಲಾದರೊಂದು ಎಳೆ ಸಿಕ್ಕರೆ ಸಾಕು, 'ನಮ್ಮವರು' ಎಂದು ಪಟ್ಟಿಗೆ ಸೇರಿಸಿಬಿಡುತ್ತೇವೆ. ರಾಜ್ಯೋತ್ಸವದ ಭಾಷಣಗಳಲ್ಲಿ ಆ ಪಟ್ಟಿಯನ್ನು ಓದುವಾಗ ಆರ್. ಕೆ. ಲಕ್ಷ್ಮಣ್ ಅವರ ಹೆಸರು ತಪ್ಪದೆ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಅವರ ಗೆರೆಯಲ್ಲಿ ನಮ್ಮ ಪಾಲು ಏನು, ಅವರ ಬರಹ ಆ ಗೆರೆಯ ಎತ್ತರಕ್ಕೆ ಏರಿತೇ ಎಂದು ಕೇಳಿದವರು ಕಡಿಮೆ. ಈ ಸಲ ಚಪ್ಪಾಳೆಯನ್ನು ತಡೆಹಿಡಿದು ಸ್ವಲ್ಪ ನೋಡೋಣ.

ಮೊದಲು ಮನೆ. ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು, ಮೈಸೂರಿನಲ್ಲಿ. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಕಪಾಟಿನೊಳಗಿನ ಮಾತು ಇಂಗ್ಲಿಷು. ತಂದೆ ಹೆಡ್ಮಾಸ್ತರರು. ಗಂಡುಮಕ್ಕಳಲ್ಲಿ ಇವರೇ ಕಡೆಯವರು, ಆರ್. ಕೆ. ನಾರಾಯಣ್ ಇವರಿಗೆ ಹದಿನೈದು ವರ್ಷ ದೊಡ್ಡ ಅಣ್ಣ. ಮನೆಗೆ 'ಸ್ಟ್ರಾಂಡ್', 'ಪಂಚ್', 'ಬೈಸ್ಟ್ಯಾಂಡರ್' ಮುಂತಾದ ವಿಲಾಯತಿ ಪತ್ರಿಕೆಗಳು ಬರುತ್ತಿದ್ದವು. ಹುಡುಗ ಅಕ್ಷರ ಕಲಿಯುವ ಮುಂಚೆಯೇ ಅವುಗಳ ಚಿತ್ರಗಳನ್ನು ನೋಡುತ್ತಿದ್ದ. ನೋಡಿದ್ದನ್ನು ನೆಲ, ಗೋಡೆ, ಬಾಗಿಲುಗಳ ಮೇಲೆ ಗೀಚುತ್ತಿದ್ದ. ಶಾಲೆಯಲ್ಲಿ ಒಂದು ದಿನ ಅರಳಿ ಎಲೆ ಬರೆದಾಗ ಮೇಷ್ಟರು ಮೆಚ್ಚಿ, ನೀನು ಚಿತ್ರಗಾರನಾಗುತ್ತೀಯೆ ಎಂದರಂತೆ. ಮನೆಗೆ ಬರುತ್ತಿದ್ದ 'ಹಿಂದೂ' ಪತ್ರಿಕೆಯಲ್ಲಿ ಡೇವಿಡ್ ಲೋ ಎಂಬ ಹೆಸರಾಂತ ವ್ಯಂಗ್ಯಚಿತ್ರಕಾರನ ಚಿತ್ರಗಳೂ ಇರುತ್ತಿದ್ದವು. ಆತನ ರುಜುವನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದೆನೆಂದು ಲಕ್ಷ್ಮಣ್ ಹೇಳಿಕೊಂಡಿದ್ದಾರೆ. ಹಸುವೆಂದು ತಿಳಿದೇ ಹಸುವಿನ ಹಾಲು ಕುಡಿದ ಹುಡುಗ!

ಆದರೆ ಅವರ ನಿಜವಾದ ಪಾಠಶಾಲೆ ಪತ್ರಿಕೆಗಳೂ ಅಲ್ಲ, ಮೇಷ್ಟರೂ ಅಲ್ಲ ಎಂದು ನಮ್ಮ ಎಣಿಕೆ. ಅದು ಮೈಸೂರಿನ ಬೀದಿ. ಆಗಿನ ಮೈಸೂರು ಅವಸರವಿಲ್ಲದ ಊರು. ಜಟಕಾದವನು ಗಿರಾಕಿಗಾಗಿ ಕಾಯುತ್ತಿದ್ದ, ಕುದುರೆ ನಿಂತಲ್ಲೇ ತೂಕಡಿಸುತ್ತಿತ್ತು, ಮಾರುಕಟ್ಟೆಯಲ್ಲಿ ಸೊಪ್ಪಿನವಳು ಚೌಕಾಸಿ ಮುಗಿಸಿ ಎಲೆ ಅಡಿಕೆ ಬಿಚ್ಚುತ್ತಿದ್ದಳು. ಒಂದು ಆಕೃತಿಯನ್ನು ಕಣ್ತುಂಬ ನೋಡಲು ಬೇಕಾದ ಪುರಸತ್ತು ಅಂಥ ಊರಿನಲ್ಲಿ ಸಿಗುತ್ತದೆ. ಲಕ್ಷ್ಮಣ್ ಪುಸ್ತಕ ಹಿಡಿದು ಬೀದಿ ಅಲೆದು ಚಿತ್ರ ಬರೆದುಕೊಂಡವರು. ಮನುಷ್ಯರಿಗಿಂತ ಮೊದಲೇ ಅವರ ಕಣ್ಣು ಹಿಡಿದದ್ದು ಕಾಗೆಯನ್ನು. ಮೂರನೆಯ ವಯಸ್ಸಿನಿಂದಲೇ ಕಾಗೆ ಬರೆಯುತ್ತಿದ್ದೆನೆಂದು ಅವರ ಹೇಳಿಕೆ. ನಾವೆಲ್ಲ ಹಚಾ ಎಂದು ಓಡಿಸುವ, ಶ್ರಾದ್ಧದ ದಿನ ಮಾತ್ರ ಕೈಮುಗಿದು ಕರೆಯುವ ಆ ಹಕ್ಕಿಯ ಚುರುಕು, ಕತ್ತು ಓರೆಮಾಡಿ ನೋಡುವ ಠೀವಿ, ಹಸಿರಿನ ಎದುರು ಎದ್ದುಕಾಣುವ ಆ ಕಪ್ಪು ಅವರಿಗೆ ಎಂದೂ ಬೇಸರ ತರಲಿಲ್ಲ. ಮೈಸೂರು ಬಿಟ್ಟು ಮುಂಬಯಿಗೆ ಬಂದ ಮೇಲೂ ಕಾಗೆ ಬಿಡಲಿಲ್ಲ. ಎರಡೂ ಊರಿನಲ್ಲಿ ಒಂದೇ ಭಾಷೆ ಆಡುವ ಪ್ರಾಣಿ ಅದೊಂದೇ ಇರಬೇಕು.

ಜೆ. ಜೆ. ಕಲಾಶಾಲೆಗೆ ಅವರು ಅರ್ಜಿ ಹಾಕಿದ್ದು, ಸಾಕಷ್ಟು ಪ್ರತಿಭೆಯಿಲ್ಲವೆಂದು ಅಲ್ಲಿಂದ ಪತ್ರ ಬಂದದ್ದು ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನಿಲ್ಲಿ ಬೆಳೆಸುವುದಿಲ್ಲ. ಮೈಸೂರಿನಲ್ಲೇ ಬಿ.ಎ. ಓದಿದರು. ಅಣ್ಣನ ಕಥೆಗಳಿಗೆ 'ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ನಮಗೆ ಇಲ್ಲಿ ಮುಖ್ಯವಾದದ್ದು ಇನ್ನೊಂದು ಸಂಗತಿ. 1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಬೆಂಗಳೂರಿನಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಆರಂಭಿಸಿದರು. ಎಳೆಯ ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಆ ಪತ್ರಿಕೆಯ ಪುಟಗಳಲ್ಲಿ ಯಾರು ಯಾರು ಇದ್ದರು ನೋಡಿ: ಕೇರಳದಿಂದ ಬಂದು ಕನ್ನಡದಲ್ಲಿ ನಗಿಸಿದ ನಾ. ಕಸ್ತೂರಿ, ತಮಿಳು ಮನೆಯಿಂದ ಬಂದು ಕನ್ನಡದ ನಗೆಗೆ ಗೆರೆ ಕೊಟ್ಟ ಲಕ್ಷ್ಮಣ್. ಅವರ ಜಾತಕ ಯಾರೂ ಕೇಳಲಿಲ್ಲ. ಬೇರೆ ಊರಿನಲ್ಲಿ ಬಾಳುತ್ತಿರುವ ನಮ್ಮಂಥವರು ನೆನಪಿಡಬೇಕಾದ ಸಂಗತಿ ಇದು. 'ನಮ್ಮವರು' ಎಂದು ಹೇಳಲು ಕಾರಣ ಬೇಕೇ ಬೇಕೆಂದರೆ, ಅರಳಿ ಎಲೆಗಿಂತ ಇದು ಗಟ್ಟಿಯಾದ ಕಾರಣ.

ಮುಂಬಯಿಗೆ ಬಂದ ಮೇಲೆ ಅವರು ಸೇರಿದ್ದು 'ಫ್ರೀ ಪ್ರೆಸ್ ಜರ್ನಲ್'. ಅಲ್ಲಿ ಜೊತೆಗೆ ಕೂತು ವ್ಯಂಗ್ಯಚಿತ್ರ ಬರೆಯುತ್ತಿದ್ದ ಇನ್ನೊಬ್ಬ ತರುಣ ಬಾಳ ಠಾಕರೆ. ಹೆಚ್ಚು ದಿನ ಅಲ್ಲಿ ನಿಲ್ಲದೆ, 1947ರಲ್ಲಿ ಲಕ್ಷ್ಮಣ್ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ಬೋರಿ ಬಂದರಿನ ರೈಲು ನಿಲ್ದಾಣದೆದುರಿನ ಆ ಕಟ್ಟಡದಲ್ಲಿ ಐವತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿದರು.

ಆ ಕೆಲಸದ ದಿನಚರಿಯಲ್ಲಿ ನಾವು ಕಲಾವಿದರೆಂದರೆ ಊಹಿಸಿಕೊಳ್ಳುವ ಹುಚ್ಚಾಟ ಏನೂ ಇಲ್ಲ. ಬೆಳಿಗ್ಗೆ ಗುಮಾಸ್ತನಂತೆ ಹೊತ್ತಿಗೆ ಸರಿಯಾಗಿ ಕಚೇರಿ. ಮೊದಲು ಪತ್ರಿಕೆಗಳ ರಾಶಿಯನ್ನು ಓದುವುದು. ಆಮೇಲೆ ಕಾಯುವುದು. ಗಂಟೆಗಟ್ಟಲೆ ಏನೂ ಹೊಳೆಯದು, ಸಿಟ್ಟು ಬರುವುದು, ಅಚ್ಚಿನ ಹೊತ್ತು ಸಮೀಪಿಸುವುದು. ಕೊನೆಗೆ ಒಂದು ಹೊಳಹು. ಆಮೇಲೆ ಪೆನ್ಸಿಲು, ಕುಂಚ, ಇಂಡಿಯನ್ ಇಂಕು. ಮೊದಲ ಪುಟದ ಕಿರುಚಿತ್ರ ದಿನಕ್ಕೊಂದು, ಅದರ ಮೇಲೆ ಆಗಾಗ ದೊಡ್ಡ ರಾಜಕೀಯ ಚಿತ್ರ. ಮರುದಿನ ಮತ್ತೆ ಬರಿಯ ಕಾಗದ. ಅಡುಗೆಮನೆಯಲ್ಲಿ ದಿನವೂ ಹೊಸ ಸಾರು ಕುದಿಸುವ ಹೆಂಗಸರಿಗೆ ಈ ಪಾಡು ಚೆನ್ನಾಗಿ ಅರ್ಥವಾದೀತು. ಸ್ಫೂರ್ತಿ ಎಂಬ ದೊಡ್ಡ ಮಾತನ್ನು ಅವರ ವಿಷಯದಲ್ಲಿ ಬಳಸುವಾಗ ನಾವು ಈ ಕಾಯುವಿಕೆಯನ್ನು ಬಿಟ್ಟುಬಿಡುತ್ತೇವೆ.

ಶ್ರೀಸಾಮಾನ್ಯ ಹುಟ್ಟಿದ್ದೂ ಹೊತ್ತು ಸಾಲದ್ದರಿಂದಲೇ. (ಇಂಗ್ಲಿಷಿನಲ್ಲಿ ಅವನು ಬರಿಯ 'ಕಾಮನ್ ಮ್ಯಾನ್'. ಕುವೆಂಪು ಬಳಕೆಗೆ ತಂದ ಮಾತಿನಿಂದ ನಾವು ಅವನಿಗೆ ಒಂದು 'ಶ್ರೀ' ಕೊಡುತ್ತೇವೆ.) ಭಾರತದ ಜನ ಎಂದು ತೋರಿಸಬೇಕಾದಾಗ ಲಕ್ಷ್ಮಣ್ ಮೊದಮೊದಲು ಚಿತ್ರದಲ್ಲಿ ಬಂಗಾಳಿ, ಪಂಜಾಬಿ, ತಮಿಳ ಎಂದು ಒಂದೊಂದು ಪ್ರಾಂತದವನನ್ನೂ ಅವರವರ ಉಡುಪಿನಲ್ಲಿ ಬರೆಯುತ್ತಿದ್ದರು. ಅಷ್ಟು ಜನರನ್ನು ಬರೆಯಲು ಹೊತ್ತು ಎಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತ ಬಂದರು. 1951ರಲ್ಲಿ 'ಯೂ ಸೆಡ್ ಇಟ್' ಆರಂಭವಾದಾಗ ಉಳಿದವನು ಒಬ್ಬನೇ: ಬೋಳುತಲೆ, ಹಿಂದೆ ನಾಲ್ಕು ಬಿಳಿಕೂದಲು, ಕನ್ನಡಕ, ಪೊದೆಮೀಸೆ, ಚೌಕುಳಿ ಕೋಟು, ಪಂಚೆ. ಯಾವ ಪ್ರಾಂತದವನೆಂದು ಹೇಳಲಾಗದು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಒಂದೇ ಕಚೇರಿಯಲ್ಲಿ ಕೆಲಸ ಮಾಡಿದ ಇಬ್ಬರು ಚಿತ್ರಕಾರರಲ್ಲಿ ಒಬ್ಬರು, ಪ್ರಾಂತದ ಗುರುತುಗಳನ್ನೆಲ್ಲ ಒಂದೊಂದಾಗಿ ಕಳಚಿ, ಯಾವ ಊರಿನವನೂ ಅಲ್ಲದ ಮುದುಕನನ್ನು ಮಾಡಿದರು. ಇನ್ನೊಬ್ಬರು 1960ರಲ್ಲಿ 'ಮಾರ್ಮಿಕ್' ವಾರಪತ್ರಿಕೆ ತೆಗೆದು, ಮುಂಬಯಿಯ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿಮಾಡಿ ಅಚ್ಚುಹಾಕಿದರು. 1966ರ ಜೂನ್ 19ರಂದು ಶಿವಸೇನೆ ಕಟ್ಟಿದರು. ಆ ದಶಕದ ಕೊನೆಯ ವರ್ಷಗಳಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದು, ಮರಾಠಿ ಫಲಕ ತೂಗಿಹಾಕಿದ ಮೇಲೂ ಗಲ್ಲಾದ ಹಿಂದೆ ಕೂತವನ ಎದೆ ಹೊಡೆದುಕೊಳ್ಳುತ್ತಿದ್ದುದು ನಮ್ಮ ಹಿರಿಯರ ನೆನಪಿನಲ್ಲಿದೆ. ಇಬ್ಬರೂ ಕೊನೆಯತನಕ ಗೆಳೆಯರಾಗಿಯೇ ಇದ್ದರು. ಅದು ಅವರ ಅವರ ವಿಷಯ. ನಮ್ಮ ಮಾತು ಚಿತ್ರಗಳ ಬಗ್ಗೆ ಮಾತ್ರ. 'ಎಲ್ಲಿಯವನು ನೀನು?' ಎಂಬ ಪ್ರಶ್ನೆಯೇ ಬೆದರಿಕೆಯಾಗಿದ್ದ ದಿನಗಳಲ್ಲಿ, ಆ ಪ್ರಶ್ನೆ ಯಾರೂ ಕೇಳಲಾರದ ಒಬ್ಬ ಮನುಷ್ಯ ಬೆಳಬೆಳಿಗ್ಗೆ ಪತ್ರಿಕೆಯ ಮೊದಲ ಪುಟದಲ್ಲಿ ನಿಂತಿರುತ್ತಿದ್ದ. ಇದು ಸಣ್ಣ ಸಮಾಧಾನವಲ್ಲ.

ಆದರೆ ಸಮಾಧಾನ ಪೂರ್ತಿಯಲ್ಲ. ಊರಿಲ್ಲದವನಿಗೆ ಊರಿದ್ದವರ ನೋವೂ ಇಲ್ಲ. ಅವನ ಅಂಗಡಿಯ ಫಲಕವನ್ನು ಯಾರೂ ಕಿತ್ತುಹಾಕಲಾರರು, ಅವನ ಹೆಸರು ಯಾವ ಪಟ್ಟಿಯಲ್ಲೂ ಬರಲಾರದು. ರೇಶನ್ ಕ್ಯೂ, ಹೊಂಡಬಿದ್ದ ರಸ್ತೆ, ಸೋರುವ ಮಾಡು, ಪ್ರವಾಹ ನೋಡಲು ಹೆಲಿಕಾಪ್ಟರಿನಲ್ಲಿ ಇಳಿಯುವ ಮಂತ್ರಿ, ಇವು ಎಲ್ಲರ ಕಷ್ಟಗಳು, ಅವನ ಕಷ್ಟಗಳೂ ಹೌದು. ಯಾರೋ ಕೆಲವರ ಕಷ್ಟ ಅವನ ಮೈಗೆ ಅಂಟುವುದಿಲ್ಲ. ಎಲ್ಲರನ್ನೂ ಒಬ್ಬನಲ್ಲಿ ಅಡಗಿಸಿದ್ದಕ್ಕೆ ತೆತ್ತ ಬೆಲೆ ಇದು.

ಅವನ ಮೌನದ ಬಗ್ಗೆ ಬರೆದವರೆಲ್ಲ ಅದನ್ನು ಹೊಗಳಿದ್ದಾರೆ. ಸಹನೆ, ಸಾಕ್ಷಿಪ್ರಜ್ಞೆ ಎಂದೆಲ್ಲ ದೊಡ್ಡ ಮಾತುಗಳು. ನಮಗೆ ಈ ಹೊಗಳಿಕೆ ಅಗ್ಗವೆನಿಸುತ್ತದೆ. ಚಿತ್ರಗಳನ್ನೇ ನೋಡಿ: ಅವನು ಮಾತನಾಡುವುದಿಲ್ಲ ನಿಜ, ಆದರೆ ಅವನ ಹೆಂಡತಿ ಮಾತನಾಡುತ್ತಾಳೆ. ಬೆಲೆಯೇರಿಕೆ ಕಂಡರೆ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಆಕೆಗೆ ಬಾಯಿ ಕೊಟ್ಟ ಕಲಾವಿದನಿಗೆ ಮೌನವೇ ದೊಡ್ಡ ಗುಣವೆಂಬ ಭ್ರಮೆ ಇರಲಾರದು. ನಮ್ಮ ಓದಿನಲ್ಲಿ ಆ ಮುದುಕ ಒಂದು ಪಾತ್ರವೇ ಅಲ್ಲ. ಚಿತ್ರದೊಳಗೆ ನೋಡುವವನಿಗಾಗಿ ಬಿಟ್ಟ ಜಾಗ. ಅವನು ಮಾತನಾಡಿದರೆ ನಾವು ನಿಲ್ಲಲು ಜಾಗ ಸಾಲದು. ಅವನಿಗೆ ಕಂಚಿನ ಪ್ರತಿಮೆಗಳಾಗಿವೆ, ಪುಣೆಯಲ್ಲಿ 2001ರಲ್ಲಿ, ವರಳಿಯಲ್ಲಿ 2007ರಲ್ಲಿ. ಚಿತ್ರದಲ್ಲಿ ಜಾಗವಾಗಿದ್ದವನು ಅಲ್ಲಿ ಜಾಗ ಹಿಡಿದು ನಿಂತಿದ್ದಾನೆ, ಅಷ್ಟೆ.

ಲಕ್ಷ್ಮಣ್ ಅವರ ಕೈಯ ನಿಜವಾದ ಸೊಗಸು ಮುದುಕನಲ್ಲಿಲ್ಲ, ಅವನ ಸುತ್ತ ಇದೆ. ವಾಲಿದ ದೀಪದ ಕಂಬ, ದಾರ ಕಟ್ಟಿದ ಕಡತಗಳ ಗುಡ್ಡೆ, ಮೂಳೆ ಕಾಣುವ ನಾಯಿ, ಮಂತ್ರಿಯ ಪಂಚೆಯ ನಿರಿಗೆ, ಜೀಪಿನ ಹಿಂದೆ ಎದ್ದ ಧೂಳು. ಇವೆಲ್ಲ ಎರಡು ಮೂರು ಕುಂಚದೆಳೆತದಲ್ಲಿ ಬಂದಿವೆ. ಇವು ಮುಂಬಯಿಯ ಕಿಟಕಿಯಿಂದ ಕಂಡದ್ದಕ್ಕಿಂತ, ಮೈಸೂರಿನ ಬೀದಿಯಲ್ಲಿ ಪುರಸತ್ತಾಗಿ ನೋಡಿಟ್ಟುಕೊಂಡ ದಾಸ್ತಾನಿನಿಂದ ತೆಗೆದದ್ದೆಂದು ನಮಗೆ ಅನಿಸುತ್ತದೆ. ಅಣ್ಣನ ಪುಸ್ತಕಗಳಿಗೆ ಬರೆದ ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಯಾರನ್ನೂ ಗೇಲಿಮಾಡುವ ಅಗತ್ಯವಿಲ್ಲ. ಗೆರೆಗೆ ಬಿಡುವು ಸಿಕ್ಕಿದೆ. ಕರ್ನಾಟಕ ಸರ್ಕಾರ ಪ್ರಕಟಿಸಿದ ನಾರಾಯಣರ ಪ್ರವಾಸಗ್ರಂಥ 'ದಿ ಎಮರಾಲ್ಡ್ ರೂಟ್' (1977) ತಮ್ಮನ ಚಿತ್ರಗಳೊಂದಿಗೇ ಬಂತು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದ ದಿನಗಳಲ್ಲಿ ನಮ್ಮ ಮಕ್ಕಳು ಕಥೆ ಶುರುವಾಗುವ ಮುಂಚೆ ಕಂಡದ್ದು ಲಕ್ಷ್ಮಣರ ಗೆರೆಯನ್ನು. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಕ್ಕಳಿಗೆ, ಅಪ್ಪ ಅಮ್ಮ 'ಊರು' ಎಂದಾಗ ಕಣ್ಣಮುಂದೆ ಬಂದದ್ದು ಆ ಗೆರೆಯ ಊರೇ.

ಬರಹದ ವಿಷಯದಲ್ಲಿ ನಮ್ಮ ಮೆಚ್ಚುಗೆಗೆ ಮಿತಿಯಿದೆ. 'ದಿ ಹೋಟೆಲ್ ರಿವಿಯೇರಾ', 'ದಿ ಮೆಸೆಂಜರ್' ಎಂಬ ಕಾದಂಬರಿಗಳನ್ನು ಅವರು ಬರೆದರು. ಪಾತ್ರಗಳು ಬಾಗಿಲಲ್ಲಿ ಕಾಣಿಸಿಕೊಳ್ಳುವಾಗ ಥಟ್ಟನೆ ಕಣ್ಣಿಗೆ ಕಟ್ಟುತ್ತವೆ. ಒಳಗೆ ಬಂದು ಕೂತ ಮೇಲೆ ಏನು ಮಾಡಬೇಕೆಂದು ಅವಕ್ಕೆ ತಿಳಿಯದು. ಒಂದು ಗಳಿಗೆಯನ್ನು ಹಿಡಿಯುವ ಕೈಗೆ ಹತ್ತು ವರ್ಷಗಳನ್ನು ನಡೆಸುವ ತಾಳ್ಮೆ ಬೇರೆಯೇ ಬೇಕು. ಅದು ಅಣ್ಣನಿಗಿತ್ತು. 1998ರಲ್ಲಿ ಬಂದ ಆತ್ಮಕಥೆ 'ದಿ ಟನಲ್ ಆಫ್ ಟೈಮ್' ಇವುಗಳಿಗಿಂತ ಮೇಲು, ಅದರಲ್ಲೂ ಮೈಸೂರಿನ ಭಾಗ. ಅಲ್ಲಿ ಹುಡುಗನ ಕಣ್ಣಿನ ಎತ್ತರದಿಂದ ಎಲ್ಲವೂ ಕಾಣುತ್ತದೆ. ಹೆಸರು ಬಂದ ಮೇಲಿನ ಪುಟಗಳಲ್ಲಿ ವಿದೇಶಯಾತ್ರೆ, ದೊಡ್ಡವರ ಭೇಟಿ ಸಾಲುಗಟ್ಟುತ್ತವೆ, ಓದು ಕುಂಟುತ್ತದೆ. ಜೀವಮಾನವಿಡೀ ದೊಡ್ಡವರನ್ನು ಚಿಕ್ಕವರಾಗಿ ತೋರಿಸಿದ ಮನುಷ್ಯ ಗದ್ಯದಲ್ಲಿ ಅವರ ಮುಂದೆ ಏಕೆ ಅಷ್ಟು ಮರ್ಯಾದಸ್ಥನಾದರೋ ತಿಳಿಯದು.

2003ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸೋತಿತು. ಬರೆಯುವ ಬಲಗೈ ಉಳಿಯಿತು, ಬರೆದರು. 2010ರ ಆಘಾತ ಮಾತಿಗೇ ತೊಡಕಾಯಿತು. 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು.

ಅವರ ವ್ಯಂಗ್ಯಚಿತ್ರಗಳ ಸಂಪುಟ ಕೈಗೆ ಸಿಕ್ಕರೆ ಓದುಗರು ಒಂದು ಕೆಲಸ ಮಾಡಿ ನೋಡಬೇಕು. ಅಡಿಬರಹದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಳ್ಳಿ. ಆ ಮಂತ್ರಿ ಯಾರು, ಆ ಹಗರಣ ಯಾವುದು, ಮಕ್ಕಳಿಗೆ ಗೊತ್ತಿರುವುದಿಲ್ಲ. ಇಷ್ಟು ವರ್ಷಗಳ ಮೇಲೆ ನಮಗೂ ನೆನಪಿರುವುದಿಲ್ಲ. ಮುದುಕನನ್ನೂ ಬಿಟ್ಟುಬಿಡಿ. ಚಿತ್ರದ ಮೂಲೆಗಳನ್ನು ನೋಡಿ: ಗೋಡೆಯ ಬಿರುಕು, ಬಾಗಿಲಲ್ಲಿ ಕಾದುನಿಂತ ಜವಾನನ ಭುಜ, ತಂತಿಯ ಮೇಲೆ ಕೂತು ಕತ್ತು ಓರೆಮಾಡಿದ ಒಂದು ಕಾಗೆ ಸಿಕ್ಕರೂ ಸಿಗಬಹುದು.